ಒತ್ತಿಗೆ ಜಾಗ ಬಿಟ್ಟ ಮಳೆಗಾಲ

ಹೋದ ವಾರ ತಂಗಿಯ ಲಗ್ನಪತ್ರಿಕೆ ಮಾಡಿಸಲು ನಮ್ಮ ಕಾಶಿಯ ಆಚೆ ದಡದ ರಾಮನಗರಕ್ಕೆ ಹೋಗಿದ್ದೆ. ಸೇತುವೆ ದಾಟಿ, ಕೋಟೆಯ ಹಿಂದಿನ ಬೀದಿಗೆ ಹೊರಳಿ, ಪಾಂಡೇಜಿಯ ಪ್ರೆಸ್ಸಿನೊಳಗೆ ಕಾಲಿಟ್ಟೆನೋ ಇಲ್ಲವೋ, ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಬರೀ ಶಾಯಿ ಅಲ್ಲ. ಶಾಯಿ, ಸೀಮೆಎಣ್ಣೆ, ಮಳೆಗೆ ತಂಡಿ ಹಿಡಿದ ಕಾಗದ ಎಲ್ಲ ಬೆರೆತ ವಾಸನೆ. ಪಾಂಡೇಜಿ ಕನ್ನಡಕ ಮೇಲೇರಿಸಿ ನೋಡಿ, "ಅರೇ, ಕನ್ನಡ್‌ವಾಲೀ ಬಿಟಿಯಾ!" ಎಂದರು, ಕನ್ನಡದ ಮಗಳು ಅಂತ. ಅವರು ನನಗೆ ಆ ಹೆಸರಿಟ್ಟದ್ದು ಒಂದು ಮಳೆಗಾಲದಲ್ಲಿ. ಅದಕ್ಕೆ ಮುಂಚೆ ನಾನು ಅವರ ಪಾಲಿಗೂ ಈ ಊರಿನ ಎಲ್ಲರ ಪಾಲಿಗೂ ಬರೀ ಮದ್ರಾಸಿ. ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ, ಮದ್ರಾಸನ್ನು ಇವತ್ತಿನವರೆಗೂ ನೋಡಿಲ್ಲ, ಆದರೂ ಮದ್ರಾಸಿ.

ಆ ಮಳೆಗಾಲದಲ್ಲಿ ನಾನು ಮಾಡಿದ್ದು ಒಂದು ಬ್ರೋಷರ್. ಹೊಸದಾಗಿ ಬರೆದ ಫಾಂಟೊಂದನ್ನು ಜನಕ್ಕೆ ತೋರಿಸುವ ತೆಳ್ಳನೆಯ ಅಚ್ಚಿನ ಪುಸ್ತಿಕೆ. ನಮ್ಮ ಬನಾರಸಿನ ಸೀರೆ ಅಂಗಡಿಯವನು ಮಡಿಕೆ ಬಿಚ್ಚಿ ಸೆರಗು ಹರವಿ ತೋರಿಸುತ್ತಾನಲ್ಲ, ಅಂಥದ್ದೇ ಕೆಲಸ. ಹೇಳಲಿಕ್ಕೆ ಇಷ್ಟೇ. ಆದರೆ ನನ್ನ ಜೀವನದಲ್ಲಿ ಬೀಗುವುದಕ್ಕೆ ಏನಾದರೂ ಇದ್ದರೆ ಅದು ಆ ಪುಸ್ತಿಕೆ. ಬೀಗುತ್ತೇನೆ ಕೂಡ, ನಾಚಿಕೆಯೇನಿಲ್ಲ.

ನಮ್ಮ ಮನೆ ಜಂಗಮವಾಡಿಯ ಒಂದು ಗಲ್ಲಿಯಲ್ಲಿ. ಅಪ್ಪ ಪುರೋಹಿತರು. ಕರ್ನಾಟಕದಿಂದ ಕಾಶಿಗೆ ಬರುವವರ ಶ್ರಾದ್ಧ, ಪಿಂಡಪ್ರದಾನ, ಗಂಗಾಪೂಜೆ ಎಲ್ಲ ಮಾಡಿಸುವುದು ಅವರ ಕೆಲಸ. ಅವ್ವ ಬಾಗಲಕೋಟೆ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ಕನ್ನಡದ ಅಕ್ಷರವನ್ನು ನನಗೆ ಕಲಿಸಿದ್ದು ಶಾಲೆಯಲ್ಲ, ಅವ್ವ. ಮುಂದೆ ಊರಿನ ಲಂಕಾ ಬಡಾವಣೆಯ ಆಚೆ, ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದುವಾಗ ಅಕ್ಷರ ಬರೆಯುವ ಹುಚ್ಚು ಹಿಡಿಯಿತು. ಫಾಂಟ್ ಮಾರುವ ಮುಂಬೈಯ ಒಂದು ಕಂಪನಿಗೆ ಹಿಂದಿಯ ಫಾಂಟೊಂದನ್ನು ಬರೆದುಕೊಟ್ಟೆ, ಅವರಿಗೆ ಹಿಡಿಸಿತು. ಅದಕ್ಕೆ ಜೋಡಿಯಾಗಿ, ಯಾರೂ ಕೇಳದೆ ಇದ್ದರೂ, ಅದೇ ಮೈಕಟ್ಟಿನ ಕನ್ನಡವನ್ನೂ ಬರೆದೆ. ಎರಡಕ್ಕೂ ಸೇರಿ 'ಗಲ್ಲಿ' ಎಂದು ಹೆಸರಿಟ್ಟೆ.

ಕಂಪನಿಯನ್ನು ನಡೆಸುತ್ತಿದ್ದವರು ಅನುರಾಧಾ ಮೇಡಂ. ಮರಾಠಿಯವರು, ಹಿಂದಿ ಚೆನ್ನಾಗಿ ಬಲ್ಲವರು, ಕನ್ನಡದ ಒಂದಕ್ಷರವೂ ಓದಲು ಬಾರದವರು. ಜ್ಯೇಷ್ಠದ ಉರಿಬಿಸಿಲಿನಲ್ಲಿ ಅವರು ಫೋನ್ ಮಾಡಿದರು. "ಹಿಂದಿಯದ್ದು ನಿಶ್ಚಯ. ಕನ್ನಡದ್ದು ಮಾತ್ರ ನನಗೆ ಧೈರ್ಯ ಸಾಲದು. ಬೆಂಗಳೂರಲ್ಲೇ ಹುಟ್ಟಿ ಬೆಳೆದವರು ಬರೆದ ಕನ್ನಡ ಬೇಕಾದಷ್ಟಿರುವಾಗ ಕಾಶಿಯ ಹುಡುಗಿ ಬರೆದದ್ದನ್ನು ಯಾರು ತಗೊಳ್ತಾರೆ? ಒಂದು ಕೆಲಸ ಮಾಡು. ಎರಡನ್ನೂ ತೋರಿಸುವ ಬ್ರೋಷರ್ ಮಾಡಿಸು. ದಸರೆಯ ಒಳಗೆ ನನ್ನ ಕೈಗೆ ಬರಬೇಕು. ಅದನ್ನು ನೋಡಿ ಒಪ್ಪಿಗೆಯಾದರೆ ಎರಡೂ ಜೊತೆಗೆ. ಇಲ್ಲದಿದ್ದರೆ ಹಿಂದಿ ಒಂದೇ."

ಮಾತು ಮೆತ್ತಗೇ ಇತ್ತು, ಆದರೆ ಚುರುಕ್ಕೆಂದಿತು. ಹೊರಗಿನವರಿಗೆ ಮದ್ರಾಸಿ, ಕನ್ನಡದವರಿಗೆ ಕಾಶಿಯವಳು. ಅಕ್ಷರ ಬರೆದೂ ಅದೇ ಕಥೆಯೇ ಅಂತ ಸಿಟ್ಟು ಬಂತು. ಅವ್ವನ ಹತ್ತಿರ ಹೇಳಿಕೊಂಡೆ. ಅವಳು ರೊಟ್ಟಿ ತಟ್ಟುತ್ತಲೇ, "ಮುಖ ಯಾಕ ಊದಿಸ್ಕೊಂಡೀ? ತೋರಿಸಂದಾರ, ತೋರಿಸು," ಎಂದಳು.

ತೋರಿಸುವುದಕ್ಕೆ ಮೊದಲು ಏನನ್ನು ಅಚ್ಚು ಹಾಕಿಸುವುದು ಎಂಬುದೇ ದೊಡ್ಡ ತಲೆನೋವಾಯಿತು. ಇಂಥ ಪುಸ್ತಿಕೆಗಳಲ್ಲಿ ಸಾಮಾನ್ಯವಾಗಿ ಎಲ್ಲ ಅಕ್ಷರಗಳೂ ಬರುವಂತೆ ಹೊಸೆದ ಸಾಲುಗಳಿರುತ್ತವೆ. ಓದಿದರೆ ತಲೆಯೂ ಇಲ್ಲ, ಬುಡವೂ ಇಲ್ಲ. ನಾನೂ ಅಂಥವನ್ನು ಹೊಸೆದು ಹೊಸೆದು ಬೇಸತ್ತಿದ್ದೆ. ಒಂದು ಬೆಳಿಗ್ಗೆ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದೆ. ಪಡಸಾಲೆಗೆ ಯಾತ್ರಿಕರು ಬಂದರು. ಅಪ್ಪ ಎಂದಿನಂತೆ ನೀರು ಕೊಟ್ಟು, ಚಾಪೆ ಹಾಸಿ, ಎಂದಿನ ಪ್ರಶ್ನೆ ಕೇಳಿದರು: "ಯಾವ ಊರಿಂದ ಬಂದೀರಿ?"

"ಹುನಗುಂದರೀ."

"ಹುನಗುಂದ ಖಾಸ್ ಏನು, ಅಮೀನಗಡದ ಕಡೀಗೇನು?"

ಬಂದವರ ಮುಖ ಅರಳಿತು. ಅಪ್ಪ ಹುನಗುಂದವನ್ನು ಕಣ್ಣಿನಿಂದ ನೋಡಿದವರಲ್ಲ. ಆದರೆ ಊರೂರಿನವರು ಬಂದು ಹೇಳಿದ್ದನ್ನು ಕೇಳಿ ಕೇಳಿ, ಯಾವ ಊರಿನ ಪಕ್ಕ ಯಾವ ಊರು, ಯಾವ ಊರಿನ ಸಂತೆ ಯಾವ ವಾರ ಎಂಬುದೆಲ್ಲ ಅವರಿಗೆ ಬಾಯಿಪಾಠ. ನಮ್ಮ ಪಡಸಾಲೆಯಲ್ಲಿ ಯಾರನ್ನೂ ಮೊದಲು ಹೆಸರು ಕೇಳುವುದಿಲ್ಲ, ಊರು ಕೇಳುವುದು. ಕಾಶಿಯ ಕನ್ನಡ ಮನೆಗಳ ರೀತಿಯೇ ಅದು. ಹುಟ್ಟಿದಾಗಿನಿಂದ ಕೇಳಿದ ಆ ಪ್ರಶ್ನೆ ಅವತ್ತು ಹೊಸದಾಗಿ ಕಿವಿಗೆ ಬಿತ್ತು. ಮುದ್ದೇಬಿಹಾಳ, ಗುಳೇದಗುಡ್ಡ, ಹುಕ್ಕೇರಿ, ಶಿಗ್ಗಾಂವಿ, ಚಿಕ್ಕನಾಯಕನಹಳ್ಳಿ, ಹೊಳಲ್ಕೆರೆ. ಕನ್ನಡದ ಒತ್ತು, ದೀರ್ಘ, ಸುತ್ತು, ಗುಂಡು, ಎಲ್ಲವೂ ಊರುಗಳಲ್ಲೇ ಇವೆಯಲ್ಲ! ಆ ಅರ್ಥವಿಲ್ಲದ ಸಾಲುಗಳನ್ನೆಲ್ಲ ಅಳಿಸಿಹಾಕಿದೆ. ಎಡಗಡೆಯ ಪುಟದಲ್ಲಿ ಹಿಂದಿಯಲ್ಲಿ ಕಾಶಿಯ ಬೀದಿಗಳು: ಗೋದೌಲಿಯಾ, ಮದನ್‌ಪುರಾ, ಸೋನಾರ್‌ಪುರಾ, ಭದೈನಿ. ಬಲಗಡೆಯ ಪುಟದಲ್ಲಿ ಕನ್ನಡದಲ್ಲಿ ಇಲ್ಲಿಗೆ ಬರುವವರ ಊರುಗಳು. ಬರುವ ಜಾಗ ಒಂದು ಕಡೆ, ಹೊರಟ ಜಾಗ ಇನ್ನೊಂದು ಕಡೆ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಶ್ರಾವಣ ಬಂತು. ಕಾವಡಿ ಹೊತ್ತ ಕೇಸರಿ ಬಟ್ಟೆಯವರಿಂದ ಗೋದೌಲಿಯಾ ತುಂಬಿ, ರಿಕ್ಷಾಗಳು ನಿಂತುಹೋಗಿ, ನಮ್ಮ ಗಲ್ಲಿಯಿಂದ ಹೊರಬೀಳುವುದೇ ಸಾಹಸವಾಯಿತು. ಗಂಗೆ ಏರಿ ಏರಿ ಘಾಟಿನ ಮೆಟ್ಟಿಲುಗಳನ್ನೆಲ್ಲ ನುಂಗಿಕೊಂಡಳು. ಅಪ್ಪನ ಕೆಲಸ ಮೇಲಿನ ಮೆಟ್ಟಿಲಿಗೆ, ಆಮೇಲೆ ನಮ್ಮ ಪಡಸಾಲೆಗೇ ಬಂತು. ಕರೆಂಟು ಬಂದಾಗ ನಾನು ಕೆಲಸ ಮಾಡುತ್ತಿದ್ದೆ, ಹೋದಾಗ ಪುಟಗಳನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದೆ. ಎರಡು ಪುಟಗಳನ್ನು ಬಿಡಿಸಿಟ್ಟರೆ ಎಡಗಡೆಯ ಹಿಂದಿಯ ಸಾಲೂ ಬಲಗಡೆಯ ಕನ್ನಡದ ಸಾಲೂ ಒಂದೇ ಮಟ್ಟದಲ್ಲಿ, ನೂಲು ಹಿಡಿದ ಹಾಗೆ ಸೇರಬೇಕು ಎಂಬುದು ನನ್ನ ಹಟ. ಸೇರಿಸಿದೆ ಕೂಡ. ಅದನ್ನು ನೋಡಿ ನೋಡಿ ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಮೊದಲ ಪ್ರೂಫನ್ನು ರಾಮನಗರದಿಂದ ತಂದ ದಿನ ಅವ್ವ ಒಲೆಯ ಮುಂದಿದ್ದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಓದತೊಡಗಿದಳು. ಮುದ್ದೇಬಿಹಾಳ ಬಂತು, ಹುಕ್ಕೇರಿ ಬಂತು. ಆಮೇಲೆ ತಡವರಿಸಿದಳು. ಕಾಗದವನ್ನು ಹತ್ತಿರ ತಂದಳು, ದೂರ ಹಿಡಿದಳು.

"ಏನವಾ, ಕಣ್ಣು ಕಾಣಸವಲ್ದೇನು?" ಎಂದೆ.

"ನನ್ನ ಕಣ್ಣು ಛಲೋ ಅವ. ಈ ಊರಿನ ಕಾಲು ತಗೊಂಡುಹೋಗಿ ಆ ಊರಿನ ತಲೀ ಮ್ಯಾಲ ಇಟ್ಟೀಯಲ್ಲ, ನಾ ಹ್ಯಾಂಗ ಓದಲಿ?"

ನಗುತ್ತಲೇ ಹೇಳಿದಳು. ಕಾಗದ ಕಸಿದುಕೊಂಡು ನೋಡಿದೆ. ಹುಕ್ಕೇರಿಯ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿದುಕೊಂಡಿತ್ತು. ಗುಳೇದಗುಡ್ಡದ ಒತ್ತು ಕೆಳಗಿನ ಸಾಲಿನ ಗುಡಿಸಿನೊಂದಿಗೆ ಕಲಸಿಹೋಗಿತ್ತು. ಪರದೆಯ ಮೇಲೆ ದೊಡ್ಡದು ಮಾಡಿ ನೋಡುವಾಗ ಇದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಯಾಕೆ ಬಿದ್ದಿರಲಿಲ್ಲ ಎಂದರೆ ನನ್ನದು ಹಿಂದಿಯಲ್ಲಿ ಪಳಗಿದ ಕಣ್ಣು. ಹಿಂದಿಯ ಅಕ್ಷರ ಮೇಲಿನ ಗೆರೆಗೆ ಜೋತು ಬಿದ್ದಿರುತ್ತದೆ, ಅದರ ಭಾರವೆಲ್ಲ ಮೇಲೆ. ಕನ್ನಡ ನೆಲದ ಮೇಲೆ ಕೂತು, ಒತ್ತುಗಳನ್ನೆಲ್ಲ ಕೆಳಗೆ ಹೊರುತ್ತದೆ. ಹಿಂದಿಯ ಸಾಲಿನ ಅಳತೆಗೆ ಕನ್ನಡವನ್ನು ತುರುಕಿ, ನಾನು ಅದಕ್ಕೆ ಕಾಲು ಚಾಚಲು ಜಾಗವನ್ನೇ ಕೊಟ್ಟಿರಲಿಲ್ಲ. ಧಾರವಾಡದಲ್ಲೋ ಮೈಸೂರಲ್ಲೋ ಬೆಳೆದವಳಾಗಿದ್ದರೆ ಇಂಥ ತಪ್ಪು ಮಾಡುತ್ತಿರಲಿಲ್ಲ. ಮೇಡಂ ಹೇಳಿದ ಮಾತು ನಿಜವೇ ಇರಬಹುದೇ ಎಂದು ಮೊದಲ ಸಲ ಹೆದರಿಕೆಯಾಯಿತು.

ಪ್ರೂಫ್ ಮೇಡಂಗೂ ಹೋಗಿತ್ತು. ಓದಲು ಬಾರದಿದ್ದರೂ ಸಾಲುಗಳು ಒಂದರ ಮೇಲೊಂದು ಬಿದ್ದದ್ದು ಅವರಿಗೆ ಕಂಡಿತ್ತು. "ಕನ್ನಡವನ್ನು ಸಣ್ಣದು ಮಾಡಿ ಹಿಂಬದಿಯ ಪುಟಕ್ಕೆ ಹಾಕಿಬಿಡು," ಎಂದರು ಫೋನಿನಲ್ಲಿ. "ಒಂದು ಪುಟ ಸಾಕು. ಹಿಂದಿ ಚೆನ್ನಾಗಿ ಬಂದಿದೆ, ಅದನ್ನು ಯಾಕೆ ಕೆಡಿಸುತ್ತೀ?"

ಹಿಂಬದಿ ಅಂದರೆ ಏನೆಂದು ನನಗೆ ಅರ್ಥವಾಗಿತ್ತು. ಹಿಂಬದಿಗೆ ಹೋದದ್ದು ಮುಂದಿನ ಬ್ರೋಷರಿನಲ್ಲಿ ಇರುವುದಿಲ್ಲ. "ಇಲ್ಲ ಮೇಡಂ, ಎದುರು ಬದುರೇ ಇರುತ್ತೆ. ನನಗೆ ಸ್ವಲ್ಪ ಟೈಮ್ ಕೊಡಿ," ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಸರಿ, ಪಿತೃಪಕ್ಷದಲ್ಲಿ ನಾನೇ ಕಾಶಿಗೆ ಬರೋದಿದೆ, ಅತ್ತೆಯವರ ಕಾರ್ಯ ಇದೆ. ಆಗ ನೋಡಿ ಹೇಳ್ತೇನೆ," ಎಂದು ಮೇಡಂ ಫೋನಿಟ್ಟರು.

ಆಮೇಲೆ ಮಾಡಿದ್ದನ್ನು ಈಗ ಹೇಳುವುದು ಸುಲಭ, ಆಗ ಮಾಡುವುದು ಸುಲಭವಿರಲಿಲ್ಲ. ಅಳತೆಯನ್ನು ತಿರುವಿಹಾಕಿದೆ. ಮೊದಲು ಕನ್ನಡದ ಪುಟ ಕಟ್ಟಿದೆ. ಒತ್ತು ಇಳಿದು, ಕೆಳಗಿನ ಸಾಲಿನ ಗುಡಿಸು ಏರಿ, ಎರಡರ ನಡುವೆ ಉಸಿರಾಡುವಷ್ಟು ಬಿಳಿ ಉಳಿಯುವಂತೆ ಸಾಲು ಇಳಿಸಿದೆ. ಆ ಅಳತೆಗೆ ಹಿಂದಿಯ ಸಾಲುಗಳನ್ನು ಸರಿಸಿದೆ. ಪುಟ ಹೆಚ್ಚಿಸುವಂತಿರಲಿಲ್ಲ. ಹಾಗಾಗಿ ಹಿಂದಿಯ ಬೀದಿಗಳಲ್ಲಿ ಅರ್ಧದಷ್ಟನ್ನು ಕಿತ್ತುಹಾಕಬೇಕಾಯಿತು. ಹಿಂದಿಯದ್ದೂ ನನ್ನ ಕೈಯ ಅಕ್ಷರವೇ, ಅದೂ ಅನುಮಾನವಿಲ್ಲದೆ ಪಾಸಾಗಿದ್ದ ಅಕ್ಷರ. ಒಂದೊಂದು ಬೀದಿ ತೆಗೆಯುವಾಗಲೂ ಕೈ ತಡೆಯುತ್ತಿತ್ತು. ಆದರೆ ಮುಗಿಸಿ ನೋಡಿದರೆ, ಇಕ್ಕಟ್ಟು ಗಲ್ಲಿಯಿಂದ ಘಾಟಿಗೆ ಇಳಿದ ಹಾಗೆ ಹಿಂದಿಯೂ ಗಾಳಿಗೆ ಬಂದಿತ್ತು. ಈ ಊರಿನಲ್ಲಿ ಹುಟ್ಟಿದಾಗಿನಿಂದ ನಮ್ಮ ಕನ್ನಡವೇ ಹಿಂದಿಗೆ ಹೊಂದಿಕೊಂಡದ್ದನ್ನು ಕಂಡಿದ್ದೆ. ನನ್ನ ಎರಡು ಪುಟಗಳಲ್ಲಿ ಒಮ್ಮೆ ಅದು ಅಳತೆ ಹೇಳಲಿ ಅನ್ನಿಸಿತು. ಯಾರಿಗೂ ನಷ್ಟವಾಗಲಿಲ್ಲ.

ಅಚ್ಚಿನದು ಇನ್ನೊಂದು ಪಾಡು. ಭಾದ್ರಪದ ಬಂದರೂ ಮಳೆ ಬಿಡಲೊಲ್ಲದು. ಕಾಗದ ತಂಡಿ ಕುಡಿದು ಅಂಚು ಮಡಿಚಿಕೊಂಡಿತು. ಪಾಂಡೇಜಿ ಕಾಗದದ ಕಟ್ಟುಗಳನ್ನು ಮಶೀನಿನ ಕೋಣೆಗೇ ತಂದು, ಫ್ಯಾನ್ ಹಾಕಿ ಮಲಗಿಸಿದರು. ಅಚ್ಚಾದ ಹಾಳೆಗಳ ಶಾಯಿ ಆರದೆ ಒಂದರ ಬೆನ್ನಿಗೊಂದು ಅಂಟುತ್ತಿತ್ತು. ಹಾಗಾಗಿ ಸ್ವಲ್ಪ ಸ್ವಲ್ಪವೇ ಅಚ್ಚು ಹಾಕಿ, ಸಣ್ಣ ಸಣ್ಣ ರಾಶಿ ಮಾಡಿ, ಅವರ ಮನೆಯ ಮಂಚ, ಮೇಜು, ಎಲ್ಲದರ ಮೇಲೂ ಹರವಿದೆವು. ಪಾಂಡೇಜಿಯ ಹೆಂಡತಿ ಮಲಗಲು ಜಾಗವಿಲ್ಲವೆಂದು ಗೊಣಗುತ್ತಲೇ ನನಗೆ ಚಹಾ ಮಾಡಿಕೊಡುತ್ತಿದ್ದರು. ನಾನು ಪ್ರತಿ ರಾಶಿಯ ಹಾಳೆ ಎತ್ತಿ ಕನ್ನಡದ ಸಾಲುಗಳನ್ನು ದನಿಯೆತ್ತಿ ಓದಿ ನೋಡುತ್ತಿದ್ದೆ. ಅದನ್ನು ಕೇಳಿ ಕೇಳಿ ಪಾಂಡೇಜಿಯೇ ಒಂದು ದಿನ ಮಶೀನು ನಡೆಸುತ್ತಾ "ಹುಕ್ಕೇರಿ, ಹುಕ್ಕೇರಿ" ಎನ್ನತೊಡಗಿದರು. ಕನ್ನಡ್‌ವಾಲೀ ಬಿಟಿಯಾ ಎಂದು ಕರೆಯಲು ಶುರು ಮಾಡಿದ್ದು ಆಗಲೇ. ಕೊನೆಗೆ ಕಟ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು, ಸುರಿಯುವ ಮಳೆಯಲ್ಲಿ ಸೇತುವೆ ದಾಟಿ ಮನೆಗೆ ತಂದೆ.

ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅನುರಾಧಾ ಮೇಡಂ ಬಂದ ಬೆಳಿಗ್ಗೆಯೂ ಪಡಸಾಲೆ ತುಂಬಿತ್ತು. ಗದಗ, ಹಾವೇರಿ ಕಡೆಯ ಒಂದು ಗುಂಪು ಮಳೆ ನಿಲ್ಲಲೆಂದು ಕಾಯುತ್ತಾ ಕೂತಿತ್ತು. ಮೇಡಂಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಅವರ ಕೈಗೆ ಬ್ರೋಷರ್ ಕೊಟ್ಟೆ. ಅವರು ಬಿಡಿಸಿದರು, ದೂರ ಹಿಡಿದರು, ಬೆರಳಿನಿಂದ ಕಾಗದ ಸವರಿದರು. ಮತ್ತೆ ಮೊದಲ ಪುಟಕ್ಕೆ ಹೋದರು.

ಅಷ್ಟರಲ್ಲಿ ಅಪ್ಪ ನನ್ನನ್ನು ಕೇಳದೆಯೇ ಕಟ್ಟಿನಿಂದ ಒಂದಿಷ್ಟು ಬ್ರೋಷರ್ ತೆಗೆದು ಯಾತ್ರಿಕರಿಗೆ ಹಂಚಿಬಿಟ್ಟರು. "ನೋಡ್ರಿ, ನಮ್ಮ ಮಗಳು ಮಾಡ್ಯಾಳ," ಎಂದರು. ನನ್ನ ಕೆಲಸವೇನೆಂದು ಕೇಳಿದವರಿಗೆಲ್ಲ "ಏನೋ ಕಂಪ್ಯೂಟರಿಂದು" ಎಂದು ಹೇಳಿ ಮುಗಿಸುತ್ತಿದ್ದ ಮನುಷ್ಯ!

ಎಲ್ಲರೂ ಓದತೊಡಗಿದರು. ನಾನು ಕಾಯುತ್ತಿದ್ದೆ. ಅಕ್ಷರ ಚಂದ ಅದಾವ ಎಂದು ಯಾರಾದರೂ ಒಬ್ಬರು ಹೇಳಲಿ, ಅದನ್ನು ಮೇಡಂಗೆ ಹಿಂದಿಯಲ್ಲಿ ಹೇಳಿಬಿಡೋಣ ಎಂದು ತವಕ. ಒಬ್ಬರೂ ಹೇಳಲಿಲ್ಲ. "ಹಾನಗಲ್ಲ ಐತಿ ನೋಡು," "ರೋಣ ಇಲ್ಲೈತಿ," "ನಮ್ಮ ಬೀಗರ ಊರು ಹಾಕ್ಯಾರ," ಎಂದು ಊರುಗಳದ್ದೇ ಗದ್ದಲ. ಮೂಲೆಯಲ್ಲಿ ಇಳಕಲ್ ಸೀರೆಯ ಒಬ್ಬ ವಯಸ್ಸಾದ ಅಮ್ಮ ಮಾತ್ರ ಮೇಲಿನಿಂದ ಕೆಳಗೆ ಬೆರಳಾಡಿಸಿ, ಮತ್ತೆ ಮೇಲಿನಿಂದ ಓದಿ, ನನ್ನತ್ತ ನೋಡಿ ಸಿಡುಕಿದರು.

"ನಮ್ಮೂರು ಎಲ್ಲೈತಿ?"

"ಯಾವ ಊರ್ರೀ ಅಮ್ಮಾ?"

"ಲಕ್ಷ್ಮೇಶ್ವರ."

"ಅದನ್ನ ಹಾಕಿಲ್ರೀ. ಜಾಗ ಸಾಲಲಿಲ್ಲ."

"ಶಿಗ್ಗಾಂವಿ ಹಾಕೀರಿ, ಸವಣೂರು ಹಾಕೀರಿ. ಬಗಲಾಗಿನ ನಮ್ಮೂರು ಏನ್ ಪಾಪ ಮಾಡೇತಿ? ಇಷ್ಟ್ ದೂರ ಬಂದೀವಿ, ನಮ್ಮೂರಿಗೇ ಜಾಗಾ ಇಲ್ಲೇನು?"

ದನಿ ಏರಿತ್ತು. ಅಪ್ಪ ಸಮಾಧಾನ ಮಾಡಲು ಹೋದರು, ಅಮ್ಮ ಕೇಳಲಿಲ್ಲ. ಮೇಡಂ ಕುರ್ಚಿಯಿಂದ ಬಗ್ಗಿ, ಅವರಿಗೆ ಯಾಕೆ ಸಿಟ್ಟು ಎಂದು ಹಿಂದಿಯಲ್ಲಿ ಕೇಳಿದರು. ಅವರ ಊರು ಇದರಲ್ಲಿ ಇಲ್ಲವಂತೆ ಎಂದೆ. "ಹಾಗಾದರೆ ಹಾಕು," ಎಂದರು ಮೇಡಂ. "ಈಗಲೇ, ನನ್ನ ಮುಂದೆ."

ಕಂಪ್ಯೂಟರ್ ತೆರೆದೆ. ಪುಟ ತೆಗೆದು ಶಿಗ್ಗಾಂವಿಯ ಮುಂದೆ ಕರ್ಸರ್ ಇಟ್ಟೆ. ಅಮ್ಮ ಚಾಪೆಯಿಂದ ಎದ್ದು ಬಂದು ನನ್ನ ಹೆಗಲ ಹಿಂದೆ ನಿಂತರು. ಲ ಬಂತು. ಕ ಬಂತು, ಅದರ ಕೆಳಗೆ ಷ ಒತ್ತು ಇಳಿಯಿತು, ಅದಕ್ಕೆ ಆತು ಮ ಒತ್ತು ಕೂತಿತು, ತಲೆಯ ಮೇಲೆ ಏತ್ವ ಏರಿತು. ಶ, ಅದರ ಕೆಳಗೆ ವ, ಕೊನೆಗೆ ರ. ಪುಟದ ಎಲ್ಲ ಊರುಗಳಿಗಿಂತ ಹೆಚ್ಚು ಭಾರ ಹೊತ್ತ ಹೆಸರು. ಇಷ್ಟೆಲ್ಲ ಇಳಿದೂ ಕೆಳಗಿನ ಸಾಲಿನ ಮೇಲೆ ಬಿಳಿ ಹಾಗೇ ಉಳಿದಿತ್ತು.

ಮೇಡಂ ಪರದೆಯ ಹತ್ತಿರ ಮುಖ ತಂದರು. "ನನಗೆ ಓದಲು ಬರೋದಿಲ್ಲ," ಎಂದರು ನಿಧಾನವಾಗಿ. "ಆದರೆ ಕೆಳಗಿನದಕ್ಕೆ ಎಲ್ಲೂ ತಾಗಿಲ್ಲ. ನಾನು ಎಷ್ಟೋ ಊರಿಗೆ ಎಷ್ಟೋ ಬ್ರೋಷರ್ ತಗೊಂಡು ಹೋಗಿದ್ದೇನೆ. ನೋಡಿದವರು ಅಕ್ಷರ ಚೆನ್ನಾಗಿದೆ ಅಂತಾರೆ, ಮಡಿಚಿ ಇಡ್ತಾರೆ. ಇಲ್ಲಿ ಒಬ್ಬರೂ ಅಕ್ಷರ ನೋಡ್ತಿಲ್ಲ, ಬರೀ ಓದ್ತಿದ್ದಾರೆ." ನನ್ನ ಬೆನ್ನಿನ ಮೇಲೆ ಕೈಯಿಟ್ಟರು. "ಎರಡೂ ಜೊತೆಗೇ ಬರಲಿ. ಈ ಪುಟ ಇನ್ನೊಮ್ಮೆ ಅಚ್ಚಾಗಲಿ."

ಅಷ್ಟು ಹೊತ್ತು ಕಾಯುತ್ತಿದ್ದ ಮೆಚ್ಚುಗೆಯ ಮಾತು ಯಾರ ಬಾಯಿಂದಲೂ ಬಾರದೆ ಇದ್ದದ್ದೇ ನನ್ನ ಗೆಲುವು ಎಂದು ಆಗ ಹೊಳೆಯಿತು. ಇವರು ಕಾಶಿಯ ಹುಡುಗಿಯ ಕನ್ನಡ ಎಂದು ಓದುತ್ತಿರಲಿಲ್ಲ. ತಮ್ಮದೇ ಕನ್ನಡ ಎಂದು ಓದುತ್ತಿದ್ದರು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು, ಒರೆಸಿಕೊಳ್ಳಲೂ ಇಲ್ಲ.

ಅಮ್ಮನಿಗೆ ಇದಾವುದೂ ಬೇಕಿರಲಿಲ್ಲ. ಕಣ್ಣು ಕಿರಿದು ಮಾಡಿ, ತುಟಿಯಲ್ಲೇ ಅಕ್ಷರ ಕೂಡಿಸಿ, ಒಂದು ಸಲ ಓದಿಕೊಂಡರು. ಆಮೇಲೆ ಪಡಸಾಲೆಯ ಕಡೆ ತಿರುಗಿ ತಮ್ಮ ಊರಿನವರನ್ನು ಕೂಗಿದರು.

"ಏ, ಏಳ್ರಿ, ಎಲ್ಲಾರೂ ಬರ್ರಿ ಇಲ್ಲಿ! ನಮ್ಮೂರು ಬಂತು."